ಸಂಶಯದ ಲಾಭ ಯಾರಿಗೆ?

ತಲಕಾಡನ್ನು ರಾಜಧಾನಿಯಾಗಿಸಿಕೊಂಡು ಆಳಿದ ಗಂಗರ ಕಾಲದಲ್ಲಿ ಯೋಧನಿಗೆ ಸಲ್ಲಬೇಕಾದದ್ದನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಬೇಗೂರಿನ ಶಾಸನ ಇದಕ್ಕೆ ಒಳ್ಳೆಯ ಉದಾಹರಣೆ. ತುಂಬೆಪಾಡಿಯ ಕಾಳಗದಲ್ಲಿ ಯೋಧ ನಾಗತ್ತರ ಮಡಿದ ಮೇಲೆ ಗಂಗದೊರೆ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ, ಅಂದರೆ ವೀರನಿಗೆ ಸಲ್ಲುವ ದತ್ತಿಯಾಗಿ, ಬಿಟ್ಟುಕೊಟ್ಟ. ಮದ್ದೂರು ಬಳಿಯ ಆತಕೂರಿನ ಕಲ್ಲು ಇನ್ನೂ ಸ್ವಾರಸ್ಯದ್ದು. ತಕ್ಕೋಲದಲ್ಲಿ ಚೋಳರ ರಾಜಾದಿತ್ಯ ಸತ್ತ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಗಂಗದೊರೆ ಬೂತುಗನು ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದು ಕೊಡುವ ದತ್ತಿಯಾಗಿ, ಕೊಟ್ಟ. ಅದೇ ಕಲ್ಲಿನಲ್ಲಿ ಮಣಲೆರನ ನಾಯಿ ಕಾಳಿ ಹಂದಿಯೊಂದಿಗೆ ಸೆಣಸುತ್ತಿರುವ ಚಿತ್ರವಿದೆ. ಆ ನಾಯಿಯ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ (ಶೈವ ಪೂಜಾರಿಗೆ) ಪಾಪ ತಟ್ಟಲಿ ಎಂಬ ಶಾಪವೂ ಇದೆ. ನಾಯಿಗೂ ಇಷ್ಟು ಪಕ್ಕಾ ದಾಖಲೆ! ಆದರೆ ಈ ಕಲ್ಲುಗಳಲ್ಲಿ ಒಂದು ಮಾತ್ರ ಇಲ್ಲ: ಕೊಡದೆ ಹೋದರೆ ಯಾರಲ್ಲಿ ಕೇಳಬೇಕು ಎಂಬುದು. ಕಾಳಗವನ್ನು ಕಂಡವನೇ ಕೊಡುವವನು, ಕೊಟ್ಟರೆ ಅದು ಅವನ ದೊಡ್ಡತನ. ದತ್ತಿಗೆ ಕಾವಲಾಗಿ ಶಾಪವಿತ್ತು, ದತ್ತಿ ಸಿಗದವನಿಗೆ ದಾರಿ ಇರಲಿಲ್ಲ. ಕೈಕಾಲು ಕಳೆದುಕೊಂಡು ಊರಿಗೆ ಮರಳಿದ ಸಾಮಾನ್ಯ ಕಾಲಾಳಿಗೆ ಏನು ಸಿಕ್ಕಿತು ಎನ್ನುವುದನ್ನು ವೀರಗಲ್ಲುಗಳು ಹೇಳುವುದಿಲ್ಲ, ಅವು ಸತ್ತವರ ಕಲ್ಲುಗಳು.

ಮೇಲ್ಮನವಿ ಎಂಬ ಏರ್ಪಾಡು ಹುಟ್ಟಿದ್ದು ಕೊಡುವವನ ಕೈಗೂ ಕಂಡವನ ಕಣ್ಣಿಗೂ ನಡುವೆ ಫೈಲು ಬಂದು ಕೂತ ಮೇಲೆ. ಎರಡು ಮಹಾಯುದ್ಧಗಳಲ್ಲಿ ಲಕ್ಷಗಟ್ಟಲೆ ಜನ ಗಾಯ, ರೋಗಗಳೊಂದಿಗೆ ಮನೆಗೆ ಬಂದರು. ಅವರ ಕಾಯಿಲೆ ಕಂದಕದಲ್ಲಿ ಹತ್ತಿದ್ದೋ ಊರಿನಲ್ಲೇ ಇದ್ದದ್ದೋ ಎಂದು ಹೇಳಲು ಯಾವ ದೊರೆಯೂ ಪಕ್ಕದಲ್ಲಿ ನಿಂತಿರಲಿಲ್ಲ. ಬ್ರಿಟನ್ನಿನಲ್ಲಿ ಮೊದಲ ಯುದ್ಧ ಮುಗಿದ ಮೇಲೆ ಪಿಂಚಣಿ ಮೇಲ್ಮನವಿ ಮಂಡಳಿಗಳು ಬಂದವು. 1943ರಲ್ಲಿ ನಡೆದದ್ದು ಅದಕ್ಕಿಂತ ದೊಡ್ಡ ಬದಲಾವಣೆ: ಸೇವೆಯಿಂದ ರೋಗ ಬಂತೆಂದು ಸೈನಿಕ ಸಾಬೀತು ಮಾಡುವ ಬದಲು, ಬರಲಿಲ್ಲವೆಂದು ಸರ್ಕಾರವೇ ತೋರಿಸಬೇಕಾಯಿತು. ಅಮೆರಿಕ 1933ರಲ್ಲೇ ಮೇಲ್ಮನವಿ ಮಂಡಳಿ ಕಟ್ಟಿತಾದರೂ ಅದರ ತೀರ್ಮಾನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಾದಿ ತೆರೆದದ್ದು 1988ರ ಕಾಯ್ದೆಯಿಂದ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ, ಸೈನಿಕನ ಅಹವಾಲಿನ ಹಣೆಬರಹ ಬರೆಯುವುದು ನ್ಯಾಯಾಧೀಶರ ಕರುಣೆಯೂ ಅಲ್ಲ, ಮೇಲ್ಮನವಿಯ ಮೆಟ್ಟಿಲುಗಳ ಎಣಿಕೆಯೂ ಅಲ್ಲ. ವಿಷಯ ಖಚಿತವಾಗದೆ ಉಳಿದಾಗ ನಷ್ಟ ಯಾರ ತಲೆಗೆ ಎಂಬ ಒಂದೇ ನಿಯಮ.

ನಮ್ಮಲ್ಲಿ ಆ ನಿಯಮ ಕಾಗದದ ಮೇಲೆ ಬಹಳ ಹಿಂದೆಯೇ ಸೈನಿಕನ ಪರವಾಗಿತ್ತು. 1961ರ ಸೇನಾ ಪಿಂಚಣಿ ನಿಬಂಧನೆಗಳ ಪ್ರಕಾರ ಅಂಗವೈಕಲ್ಯ ಸೇವೆಯಿಂದ ಬಂದಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು, ಮತ್ತು ಶೇ 20ಕ್ಕಿಂತ ಕಡಿಮೆ ಇರಬಾರದು. 1982ರ ಅರ್ಹತಾ ನಿಯಮಗಳು ಇದಕ್ಕೆ ಜೀವ ತುಂಬಿದವು. ಭರ್ತಿಯಾಗುವಾಗ ಯಾವ ಕಾಯಿಲೆಯನ್ನೂ ದಾಖಲಿಸಿಲ್ಲವೆಂದರೆ ಆತ ಆರೋಗ್ಯವಂತನಾಗಿದ್ದ ಎಂದೇ ಭಾವಿಸಬೇಕಿತ್ತು. ರುಜುವಾತಿನ ಹೊಣೆ ಅವನ ಮೇಲಿರಲಿಲ್ಲ, ಸಮಂಜಸವಾದ ಸಂಶಯದ ಲಾಭ ಅವನಿಗೇ ಸಲ್ಲುತ್ತಿತ್ತು. ಇಷ್ಟು ಸ್ಪಷ್ಟವಾಗಿದ್ದರೂ ಆದದ್ದೇನು? ಸಿಗ್ನಲ್ಸ್ ವಿಭಾಗದ ಸಿಪಾಯಿಯೊಬ್ಬ 1985ರಲ್ಲಿ ಸೇರಿ 1994ರಲ್ಲಿ ಅಪಸ್ಮಾರದ ಕಾರಣಕ್ಕೆ ಹೊರಬಿದ್ದ. ಅಂಗವೈಕಲ್ಯ ಶೇ 20 ಎಂದ ಮೆಡಿಕಲ್ ಬೋರ್ಡ್, ಕಾಯಿಲೆ ಹುಟ್ಟಿನಿಂದ ಬಂದ ಪ್ರಕೃತಿಯದು, ಸೇವೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಬರೆಯಿತು. ಏಕೆ ಎಂದು ಬರೆಯಲಿಲ್ಲ. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಗೆದ್ದು, ವಿಭಾಗೀಯ ಪೀಠದಲ್ಲಿ ಸೋತು, ಆತ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು 2013ರ ಜುಲೈನಲ್ಲಿ. ಸೇರುವಾಗ ಪತ್ತೆಯಾಗದ ರೋಗವನ್ನು ನಂತರ ಹುಟ್ಟಿನಿಂದ ಬಂದದ್ದೆನ್ನಬೇಕಾದರೆ ಬೋರ್ಡ್ ಕಾರಣ ಕೊಡಬೇಕು ಎಂದಿತು ಕೋರ್ಟ್. ಹೊಸದೇನನ್ನೂ ಹೇಳಲಿಲ್ಲ, 1982ರ ನಿಯಮವನ್ನೇ ಓದಿ ಹೇಳಿತು, ಅಷ್ಟೆ. ಆ ಓದಿಗೆ ಹತ್ತೊಂಬತ್ತು ವರ್ಷ ಹಿಡಿಯಿತು.

ಇದಕ್ಕೆ ಎದುರು ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಗದ್ದೆಯಲ್ಲಿ ದುಡಿಯುವವನಿಗೂ ಬರುತ್ತವೆ, ಸಮವಸ್ತ್ರ ತೊಟ್ಟವನಿಗೆ ಬಂದದ್ದಕ್ಕೆಲ್ಲ ಖಜಾನೆ ಏಕೆ ತೆರಬೇಕು? ಸೇರುವ ದಿನದ ತಪಾಸಣೆಯಲ್ಲಿ ಎದೆ, ಕಣ್ಣು, ಕಾಲು ನೋಡುತ್ತಾರೆ, ಮನಸ್ಸಿನ ರೋಗ ಅಲ್ಲಿ ಸಿಕ್ಕಿಬೀಳುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೇ ಸ್ಕಿಜೋಫ್ರೀನಿಯಾದ ಪ್ರಕರಣವೊಂದರಲ್ಲಿ ಇದೇ ಕಾರಣ ಕೊಟ್ಟು ಸೈನಿಕನ ಅರ್ಜಿ ತಳ್ಳಿಹಾಕಿತು. 2023ರಲ್ಲಿ ಕೇಂದ್ರ ಸರ್ಕಾರ ಅರ್ಹತಾ ನಿಯಮಗಳನ್ನು ಬಿಗಿಗೊಳಿಸಿದ್ದೂ ಇಂಥ ಆಕ್ಷೇಪಗಳ ಹಿನ್ನೆಲೆಯಲ್ಲೇ. ಒಪ್ಪೋಣ. ಆದರೆ ಈ ವಾದ ಹೇಳುವುದು ಕೆಲವು ಅರ್ಜಿಗಳು ಸೋಲಬೇಕು ಎಂದಷ್ಟೇ, ಕಾರಣ ಕೊಡದೆ ಸೋಲಿಸಬಹುದು ಎಂದಲ್ಲ. ಆತ ಎಷ್ಟು ಎತ್ತರದಲ್ಲಿ ಎಷ್ಟು ಚಳಿಗಾಲ ಕಳೆದ, ಯಾವಾಗ ಯಾವ ಆಸ್ಪತ್ರೆಗೆ ಸೇರಿದ, ಲಘು ಕೆಲಸಕ್ಕೆ ಯಾವಾಗ ಹಾಕಿದರು ಎಂಬ ದಾಖಲೆಗಳೆಲ್ಲ ಇರುವುದು ಸೇನೆಯ ಬೀರುವಿನಲ್ಲಿ. ಬೀರುವಿನ ಕೀಲಿ ಯಾರ ಕೈಯಲ್ಲಿದೆಯೋ ಅವರೇ ತೆರೆದು ತೋರಿಸಲಿ ಎನ್ನುವುದು ಔದಾರ್ಯವೇನಲ್ಲ, ಸಾಮಾನ್ಯ ವಿವೇಕ. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ವೈದ್ಯರಿಗೆ ಖಾತ್ರಿಯಿದ್ದರೆ ನಾಲ್ಕು ಸಾಲು ಬರೆಯಲು ಏನು ಅಡ್ಡಿ?

ಹೀಗೆ ಬರೆಯದಿರುವುದರ ಬೆಲೆಯನ್ನು ಮುಂದಿನ ಮೆಟ್ಟಿಲುಗಳು ತೆರುತ್ತವೆ. ತಿರಸ್ಕೃತ ಅರ್ಜಿ ಸೇನೆಯೊಳಗಿನ ಮೊದಲ ಮೇಲ್ಮನವಿ ಸಮಿತಿಗೆ ಹೋಗುತ್ತದೆ, ಅಲ್ಲಿಂದ ಎರಡನೆಯದಕ್ಕೆ. ಎರಡೂ ನೋಡುವುದು ಅದೇ ಮೆಡಿಕಲ್ ಬೋರ್ಡಿನ ಹಾಳೆಯನ್ನು. ಆಮೇಲೆ 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಶುರುಮಾಡಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅದರ ಪ್ರಾದೇಶಿಕ ಪೀಠಗಳ ಪಟ್ಟಿಯಲ್ಲಿ ಚೆನ್ನೈ, ಕೊಚ್ಚಿ ಇವೆ, ಬೆಂಗಳೂರಿಲ್ಲ. ತಿ. ನರಸೀಪುರ, ನಂಜನಗೂಡು ಕಡೆಯ ಮಾಜಿ ಸೈನಿಕ ಮೈಸೂರಿನ ಸೈನಿಕ ಕಲ್ಯಾಣ ಕಚೇರಿಯಲ್ಲಿ ಸಲಹೆ ಪಡೆಯಬಹುದು, ದಾವೆಗೆ ಮಾತ್ರ ಹೊರರಾಜ್ಯದ ಪೀಠಕ್ಕೇ ಕಣ್ಣು ನೆಡಬೇಕು. ನ್ಯಾಯಮಂಡಳಿಯ ತೀರ್ಪನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದೇ ಎಂಬುದೇ ದೊಡ್ಡ ಗೋಜಲಾಗಿತ್ತು. ಬೇಡವೆಂದು 2015ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್ 2023ರ ಮಾರ್ಚಿನಲ್ಲಿ ಹೈಕೋರ್ಟಿನ ಬಾಗಿಲನ್ನು ಮತ್ತೆ ತೆರೆಯಿತು. ಈ ಬಾಗಿಲು ಎರಡೂ ಕಡೆಯವರಿಗೆ ತೆರೆದದ್ದು. ಗೆದ್ದ ಸೈನಿಕನನ್ನು ಸರ್ಕಾರವೂ ಅಲ್ಲಿಗೆ ಎಳೆಯಬಹುದು.

ತಡವಾದರೂ ನ್ಯಾಯ ಸಿಗುತ್ತದಲ್ಲ ಎಂದು ಸಮಾಧಾನ ಹೇಳುವವರು 2008ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ನೋಡಬೇಕು. 1983ರಲ್ಲಿ ಅನಾರೋಗ್ಯದಿಂದ ಸೇನೆ ಬಿಟ್ಟವನೊಬ್ಬ 1999ರಲ್ಲಿ ಹೈಕೋರ್ಟಿಗೆ ಹೋದ. ವಿಭಾಗೀಯ ಪೀಠ ಹದಿನಾರು ವರ್ಷದ ಬಾಕಿ ಕೊಡಿಸಿತ್ತು. ಪಿಂಚಣಿ ಪ್ರತಿ ತಿಂಗಳೂ ಹೊಸದಾಗಿ ಹುಟ್ಟುವ ಹಕ್ಕು, ಆದ್ದರಿಂದ ಅರ್ಜಿ ತಡವಾಯಿತೆಂದು ಹಕ್ಕೇ ಸಾಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಬಾಕಿ ಹಣವನ್ನು ಮಾತ್ರ ಅರ್ಜಿ ಹಾಕುವುದಕ್ಕೆ ಹಿಂದಿನ ಮೂರು ವರ್ಷಕ್ಕೆ ಇಳಿಸಿತು. ಮೊದಲ ಬಾರಿ ಬಂದ ‘ಸಂಬಂಧವಿಲ್ಲ’ ಎಂಬ ಉತ್ತರವನ್ನು ನಂಬಿ ಊರಲ್ಲೇ ಕುಳಿತವನ ಪಾಲಿಗೆ ಉಳಿದ ವರ್ಷಗಳ ದುಡ್ಡು ಸರ್ಕಾರದಲ್ಲೇ ಉಳಿಯಿತು.