ಹೊಲದ ನಡುವಿನ ಕಲ್ಲಿನ ವೃತ್ತ



ಇಂಗ್ಲೆಂಡಿನ ಗೋಧಿ ಹೊಲಗಳಲ್ಲಿ ರಾತ್ರೋರಾತ್ರಿ ಮೂಡುವ ದೊಡ್ಡ ವೃತ್ತಗಳ ಚಿತ್ರವನ್ನು ನಮ್ಮ ಯುವಕರು ಮೊಬೈಲಿನಲ್ಲಿ ತೋರಿಸಿ, "ಸ್ವಾಮಿ, ಇದು ಆಕಾಶದಿಂದ ಇಳಿದವರ ಕೆಲಸವಂತೆ, ಹೌದೇ?" ಎಂದು ಕೇಳುವುದುಂಟು. ಅಲ್ಲ. ಹಲಗೆ, ಹಗ್ಗ ಹಿಡಿದು ಪೈರನ್ನು ತುಳಿದು ಮಲಗಿಸಿ ವರ್ಷಗಟ್ಟಲೆ ಇಂಥ ವೃತ್ತಗಳನ್ನು ಮಾಡಿದವರು ತಾವೇ ಎಂದು ಡೌಗ್ ಬವರ್ ಮತ್ತು ಡೇವ್ ಚಾರ್ಲಿ ಎಂಬ ಇಬ್ಬರು 1991ರಲ್ಲಿ ಹೇಳಿ, ಮಾಡಿಯೂ ತೋರಿಸಿದರು. ಅವರನ್ನು ನೋಡಿ ಕಲಿತವರು ಇನ್ನೂ ಎಷ್ಟೋ ಮಂದಿ. ಸ್ಟೋನ್‌ಹೆಂಜ್, ಏವ್‌ಬರಿ ಎಂಬ ಪುರಾತನ ಕಲ್ಲಿನ ವೃತ್ತಗಳಿರುವ ಸೀಮೆಯಲ್ಲೇ ಈ ಆಟ ಹೆಚ್ಚು. ನೋಡಲು ಬಂದವರು ಉಳಿದ ಪೈರನ್ನೂ ತುಳಿಯುತ್ತಾರೆ. ನಷ್ಟ ಮಾತ್ರ ರೈತನದು. ಸ್ಟೋನ್‌ಹೆಂಜಿನ ಕಲ್ಲುಗಳನ್ನೂ ಹಿಂದೆ ಜನ ಸುತ್ತಿಗೆಯಿಂದ ಒಡೆದು ಚೂರು ಒಯ್ಯುತ್ತಿದ್ದರು.

ದೂರದ ವೃತ್ತವನ್ನು ಕಣ್ಣರಳಿಸಿ ನೋಡುವ ನಾವು ನಮ್ಮ ಜಿಲ್ಲೆಯಲ್ಲೇ ಇರುವ ಕಲ್ಲಿನ ವೃತ್ತಗಳನ್ನು ಗಮನಿಸಿದ್ದೇವೆಯೇ? ರಾಗಿ ಹೊಲದ ಅಂಚಿನಲ್ಲೋ ದಿಣ್ಣೆಯ ಮೇಲೋ ಗುಂಡುಕಲ್ಲುಗಳು ಬಳೆಯಂತೆ ನಿಂತಿರುತ್ತವೆ, ನಡುವೆ ಸಣ್ಣ ಕಲ್ಲಿನ ಗುಪ್ಪೆ. ಕೆಲವೆಡೆ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿ, ಒಂದು ಬದಿಯಲ್ಲಿ ದುಂಡನೆಯ ಕಂಡಿ ಬಿಟ್ಟಿರುತ್ತಾರೆ. ಹಿರಿಯರು ಇದನ್ನು ಪಾಂಡವರ ಮನೆ ಎನ್ನುತ್ತಾರೆ. ಕುಳ್ಳರು ಕಟ್ಟಿದ್ದು ಎನ್ನುವವರೂ ಇದ್ದಾರೆ. ಮಲ್ಲಚಂದ್ರಂ ಗುಡ್ಡದ ಮೇಲೆ ಇಂಥ ಕಲ್ಮನೆಗಳ ಒಂದು ಊರೇ ಇದೆ. ಕೆಲವದರ ಒಳಗೋಡೆಯಲ್ಲಿ ಬಿಳಿ ಬಣ್ಣದ ಚಿತ್ರಗಳೂ ಇವೆ.

ಇವು ಮನೆಗಳಲ್ಲ, ಸಮಾಧಿಗಳು. ಕಬ್ಬಿಣ ಬಳಸಲು ಕಲಿತ ಕಾಲದ ಜನ ತಮ್ಮ ಸತ್ತವರ ಎಲುಬುಗಳನ್ನು, ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ಮಡಕೆಗಳನ್ನು, ಕಬ್ಬಿಣದ ಕತ್ತಿ ಭರ್ಜಿಗಳನ್ನು ಇಲ್ಲಿ ಇಟ್ಟರು. ನಮ್ಮ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ 2021ರಲ್ಲಿ ರಾಜ್ಯ ಪುರಾತತ್ವ ಇಲಾಖೆ ಅಗೆದಾಗ, ಅಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 2172ರಷ್ಟು ಹಳೆಯದೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. 2022ರಲ್ಲಿ ಇದನ್ನು ವಿಧಾನಸಭೆಯಲ್ಲೇ ಪ್ರಕಟಿಸಿದರು. ನಾವು ದಿನವೂ ಹಿಡಿಯುವ ಗುದ್ದಲಿ, ಕುಡುಗೋಲುಗಳ ವಂಶಾವಳಿ ನಮ್ಮ ಗುಡ್ಡಗಳಲ್ಲೇ ನಾಲ್ಕು ಸಾವಿರ ವರ್ಷಗಳ ಹಿಂದಕ್ಕೆ ಹೋಗುತ್ತದೆ!

ಇವುಗಳನ್ನು ಹಾಳು ಮಾಡುತ್ತಿರುವುದು ಆಕಾಶದವರಲ್ಲ. ಮೊದಲನೆಯ ಶತ್ರು ನಿಧಿಯ ಆಸೆ. ಅಮಾವಾಸ್ಯೆ ರಾತ್ರಿ ಹಾರೆ ಹಿಡಿದು ಹೋಗುವವರಿಗೆ ಮಾಂತ್ರಿಕನೊಬ್ಬ ಕೊಪ್ಪರಿಗೆ ಹೊನ್ನು ತೋರಿಸಿರುತ್ತಾನೆ. ಸಿಗುವುದು ಬೂದಿ, ಎಲುಬು, ಒಡೆದ ಮಡಕೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಸುಮಾರು 400 ಶಿಲಾ ಸಮಾಧಿಗಳಿದ್ದು, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಅಲ್ಲಿಯೂ ನಿಧಿಗಳ್ಳರು ಚಪ್ಪಡಿ ಉರುಳಿಸಿದ್ದಾರೆ. ಅಗೆದು ಬಿಟ್ಟ ಗುಂಡಿಗೆ ದನ ಬೀಳುತ್ತದೆ, ಮಳೆ ನೀರು ನಿಂತು ಸೊಳ್ಳೆ ಹುಟ್ಟುತ್ತದೆ.

ಎರಡನೆಯದು ಬಂಡೆ ಕ್ವಾರಿ. ಮನೆಗೆ, ರಸ್ತೆಗೆ ಕಲ್ಲು ಬೇಕು, ನಮ್ಮ ದೇವಾಲಯದ ಮೆಟ್ಟಿಲೂ ಕಲ್ಲೇ. ಆದರೆ ಗುಡ್ಡಕ್ಕೆ ಸಿಡಿಮದ್ದು ಇಟ್ಟರೆ ಅದರ ಮೇಲಿನ ಸಮಾಧಿ ಮತ್ತೆ ಹುಟ್ಟುವುದಿಲ್ಲ. ಅದೇ ಕಲ್ಲಿನ ನುಣ್ಣನೆಯ ಧೂಳು ಕೆಲಸದವನ ಎದೆಯನ್ನೂ ಸೇರುತ್ತದೆ. ಸಿಲಿಕೋಸಿಸ್ ಎಂಬ ಈ ಕಾಯಿಲೆಗೆ ಗುಣಪಡಿಸುವ ಔಷಧಿ ಇಲ್ಲ, ಅದರ ಮೇಲೆ ಕ್ಷಯವೂ ಸುಲಭವಾಗಿ ಹತ್ತುತ್ತದೆ. ಮುಖಕ್ಕೆ ಟವೆಲ್ ಸುತ್ತಿದರೆ ಸಾಲದು. ನೀರು ಹಾಯಿಸಿ ಕೊರೆಯಬೇಕು, ಧೂಳು ತಡೆಯುವ ಸರಿಯಾದ ಮಾಸ್ಕ್ ಬೇಕು. ಕ್ವಾರಿ, ಕ್ರಷರುಗಳಲ್ಲಿ ದುಡಿಯುವ ನಮ್ಮ ಮಕ್ಕಳು ಕೆಮ್ಮು, ಏದುಸಿರು ಕಂಡರೆ ಎದೆಯ ಎಕ್ಸ್‌ರೇ ತೆಗೆಸಲಿ. ಯಾವ ಕೆಲಸ ಎಂಬುದನ್ನು ಡಾಕ್ಟರಿಗೆ ತಪ್ಪದೆ ಹೇಳಲಿ.

ಮೂರನೆಯದನ್ನು ಹೇಳಲು ಸಂಕೋಚ, ಏಕೆಂದರೆ ಅದು ನಾವೇ. ಜೆಸಿಬಿ ತರಿಸಿ ಹೊಲ ಮಟ್ಟ ಮಾಡುವಾಗ ಅಡ್ಡ ಬಂದ ಕಲ್ಲುಗಳನ್ನು ಬದುವಿಗೆ ತಳ್ಳುತ್ತೇವೆ. ಐದಾರು ಸಾಲು ರಾಗಿ ಹೆಚ್ಚು ಬಂದೀತು, ನಿಜ. ಅಬ್ರಹಾಮನು ಸಾರಳನ್ನು ಹೂಳಲು 400 ಶೆಕೆಲ್ ಬೆಳ್ಳಿ ತೂಗಿ ಎಫ್ರೋನನಿಂದ ಮಕ್ಪೇಲದ ಗವಿಯನ್ನೂ ಅದರ ಹೊಲವನ್ನೂ ಕೊಂಡದ್ದನ್ನು ಆದಿಕಾಂಡದ 23ನೇ ಅಧ್ಯಾಯದಲ್ಲಿ ಓದುತ್ತೇವೆ. ನವೆಂಬರ್ 2ರಂದು ನಮ್ಮವರ ಸಮಾಧಿಗೆ ಮೇಣದಬತ್ತಿ ಹಚ್ಚುವ ನಾವು, ಹೆಸರು ಗೊತ್ತಿಲ್ಲದವರ ಸಮಾಧಿಯ ಮೇಲೆ ಟ್ರ್ಯಾಕ್ಟರ್ ಓಡಿಸುವುದು ಸರಿಯೇ?

ಹೊಲದಲ್ಲಿ ಇಂಥ ವೃತ್ತವಿದ್ದರೆ ಅದರ ಹೊರಗೆ ಒಂದೆರಡು ಮಾರು ಬಿಟ್ಟು ಉಳಿರಿ. ಒಳಗೆ ಮುಳ್ಳುಕಂಟಿ ಸುಡಬೇಡಿ. ಬೆಂಕಿಗೆ ಚಪ್ಪಡಿ ಸಿಡಿಯುತ್ತದೆ, ಹೊಗೆಗೆ ಚಿತ್ರ ಅಳಿಯುತ್ತದೆ. ಉಳುವಾಗ ಮಡಕೆಯೋ ಕಬ್ಬಿಣವೋ ಎದ್ದರೆ ಅಲ್ಲಿಗೇ ನಿಲ್ಲಿಸಿ ವಿ.ಎ.ಓ. ಅವರಿಗೆ ತಿಳಿಸಿ. ಕೃಷ್ಣಗಿರಿಯ ಸರ್ಕಾರಿ ಮ್ಯೂಸಿಯಮ್ಮಿನವರಿಗೂ ಹೇಳಬಹುದು. ಹೇಳಿದರೆ ಹೊಲವೇ ಹೋಗುತ್ತದೆಂಬ ಭಯ ಹಲವರಿಗಿದೆ. ಮಡಕೆ ಸಿಕ್ಕಿತೆಂದ ಮಾತ್ರಕ್ಕೆ ಹೊಲ ಸರ್ಕಾರದ್ದಾಗುವುದಿಲ್ಲ. ಇನ್ನು ನಿಜವಾಗಿಯೂ ಹೊನ್ನು ಸಿಕ್ಕಿತೆನ್ನಿ: 1878ರ ನಿಧಿ ಕಾಯಿದೆಯಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಯಾವ ಹೂತ ವಸ್ತು ಸಿಕ್ಕರೂ ಕಲೆಕ್ಟರಿಗೆ ತಿಳಿಸಲೇಬೇಕು. ಮುಚ್ಚಿಟ್ಟವನಿಗೆ ಪಾಲೂ ಇಲ್ಲ, ಮೇಲೆ ಶಿಕ್ಷೆ.