ಡ್ರೈವಿಂಗ್ ಕಲಿಸುವವನಿಗೆ ಬೇಕಾದ ಅರ್ಹತೆ

ಮಹಾಲಿಂಗಪುರದಲ್ಲಿ ನೆಂಟರಿರುವ ನಮ್ಮ ಸದಸ್ಯರೊಬ್ಬರು ಕಳೆದ ತಿಂಗಳು ಸಂಘದ ಕಛೇರಿಗೆ ಬಂದು ಒಂದು ಪ್ರಶ್ನೆ ಕೇಳಿದರು. ಅವರ ಎರಡನೆಯ ಮಗ ಪಿ.ಯು.ಸಿ. ಮುಗಿಸಿ, ಲೈಸೆನ್ಸ್ ಪಡೆದು, ಆರು ವರ್ಷದಿಂದ ತೋಟದ ಜೀಪು ಓಡಿಸುತ್ತಿದ್ದಾನೆ. ಘಾಟಿಯಲ್ಲಿ ಕೈ ಪಳಗಿದೆ. ಅವನನ್ನು ಆ ಊರಿನ ಡ್ರೈವಿಂಗ್ ಶಾಲೆಯಲ್ಲಿ ಶಿಕ್ಷಕನಾಗಿ ಸೇರಿಸಬಹುದೇ? ಮೂರು ಎಕರೆ ಅಡಿಕೆಯನ್ನು ಇಬ್ಬರು ಮಕ್ಕಳಿಗೆ ಹಂಚಬೇಕಾದ ತಂದೆಯ ಪ್ರಶ್ನೆಯಿದು.

ಬೆಲ್ಲದ ಪೇಟೆಯಾದ ಮಹಾಲಿಂಗಪುರಕ್ಕೂ ನಮ್ಮ ಕಾಫಿ ಸೀಮೆಗೂ ಕಾನೂನು ಒಂದೇ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 24ನೆಯ ನಿಯಮದಲ್ಲಿ ಶಿಕ್ಷಕನ ಅರ್ಹತೆಯನ್ನು ಹೇಳಿದೆ. ಹತ್ತನೆಯ ತರಗತಿ ಪಾಸಾಗಿರಬೇಕು. ಐದು ವರ್ಷವಾದರೂ ವಾಹನ ನಡೆಸಿದ ಅನುಭವವಿರಬೇಕು. ಲೈಸೆನ್ಸಿಲ್ಲದೆ ತೋಟದೊಳಗೆ ಓಡಿಸಿದ ವರ್ಷಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಾರರು. ರಸ್ತೆ ಚಿಹ್ನೆಗಳು, ಸಂಚಾರದ ಕಟ್ಟಳೆಗಳು ಚೆನ್ನಾಗಿ ತಿಳಿದಿರಬೇಕು. ಭಾಷೆಯ ಬಗ್ಗೆ ಅಂಜಬೇಕಾದ್ದಿಲ್ಲ. ಇಂಗ್ಲಿಷ್ ಇಲ್ಲವೇ ಆ ಪ್ರದೇಶದ ಭಾಷೆ ಸಾಕು.

ಹುಡುಗ ಎಡವಿದ್ದು ಇನ್ನೊಂದು ಕಡೆ. ಅನುಭವದ ಜೊತೆಗೆ, ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಿಂದ ಮೋಟಾರ್ ಮೆಕ್ಯಾನಿಕ್ ಸರ್ಟಿಫಿಕೇಟು, ಇಲ್ಲವೇ ಮೆಕ್ಯಾನಿಕಲ್ ಇಂಜಿನಿಯರಿಂಗಿನಲ್ಲಿ ಮೇಲಿನ ವಿದ್ಯಾರ್ಹತೆ ಬೇಕು. ವಾಹನದ ಭಾಗಗಳ ಕೆಲಸವನ್ನು ತೋರಿಸಿ ವಿವರಿಸಲೂ ಬರಬೇಕು. ಬರಿಯ ಚಾಲಕನಿಗೆ ಈ ಕಟ್ಟು ಇಲ್ಲ. ಲಾರಿ, ಬಸ್ಸು ನಡೆಸಲು ಎಂಟನೆಯ ತರಗತಿ ಓದಿರಬೇಕೆಂಬ ನಿಯಮವನ್ನೂ 2019ರಲ್ಲಿ ತೆಗೆದುಹಾಕಲಾಯಿತು. ಕಲಿಸುವವನ ಮಾತು ಬೇರೆ. ಇಳಿಜಾರಿನಲ್ಲಿ ಗೇರ್ ತಗ್ಗಿಸದೆ ಬ್ರೇಕನ್ನೇ ಒತ್ತುತ್ತ ಬಂದರೆ ಅದು ಕಾದು ಏಕೆ ಹಿಡಿಯದಾಗುತ್ತದೆಂದು ಹೇಳಲಾರದವನ ಕೈಗೆ ನಮ್ಮ ಮಕ್ಕಳನ್ನು ಒಪ್ಪಿಸುವುದು ಹೇಗೆ?

ಮಕ್ಕಳನ್ನು ಕಲಿಯಲು ಕಳುಹಿಸುವ ಸದಸ್ಯರೂ ಒಂದಿಷ್ಟು ವಿಚಾರಿಸಬೇಕು. ಶಾಲೆಯ ಲೈಸೆನ್ಸಿಗೆ ಐದು ವರ್ಷದ ಅವಧಿ. ಕಲಿಸುವ ಕಾರಿನಲ್ಲಿ ಶಿಕ್ಷಕನ ಕಾಲಿಗೂ ಬ್ರೇಕು ಸಿಗುವಂತಿರಬೇಕು. ಸ್ವಂತ ಬಳಕೆಯ ಕಾರಿಗಾದರೆ ತರಬೇತಿ 21 ದಿನಕ್ಕೆ, ಓಡಿಸುವ ಅಭ್ಯಾಸ 10 ಗಂಟೆಗೆ ಕಡಿಮೆಯಾಗಬಾರದು. ವಾರದಲ್ಲೇ ಕಲಿಸುತ್ತೇವೆನ್ನುವವರನ್ನು ನಾನಂತೂ ನಂಬುವುದಿಲ್ಲ.

2021ರಿಂದ ಮಾನ್ಯತೆ ಪಡೆದ ದೊಡ್ಡ ತರಬೇತಿ ಕೇಂದ್ರಗಳಿಗೂ ಅವಕಾಶವಾಗಿದೆ. ಅವುಗಳ ಕಟ್ಟಳೆ ಪ್ರತ್ಯೇಕ.

ನಮ್ಮ ಸದಸ್ಯರಿಗೆ ನಾನು ಸೂಚಿಸಿದ್ದು ಐ.ಟಿ.ಐ.ಯ 'ಮೆಕ್ಯಾನಿಕ್ ಮೋಟಾರ್ ವೆಹಿಕಲ್' ತರಬೇತಿಯನ್ನು. ಎರಡು ವರ್ಷದ್ದು. ವಯಸ್ಸು ಮೀರಿತಲ್ಲವೇ ಎಂದು ಹುಡುಗ ಅನುಮಾನಿಸಿದ. ಇಪ್ಪತ್ತಾರು ಏನು ಮಹಾ ವಯಸ್ಸು! ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಹುಡುಕಿಡಲು ಹೇಳಿ ಕಳುಹಿಸಿದ್ದೇನೆ.