ಬೆಳಗಿನ ಕೊಟ್ಟಿಗೆ ಕೆಲಸ: ಗಂಜಲ ಉಳಿದರೆ ಗೊಬ್ಬರ ಉಳಿದೀತು

ರೈತನ ಮನೆಯಲ್ಲಿ ಬೆಳಗಾದೊಡನೆ ನಡೆಯುವ ಮೊದಲ ಕೆಲಸ ಕೊಟ್ಟಿಗೆ ಗುಡಿಸುವುದು. ದನಗಳನ್ನು ಹೊರಗೆ ಕಟ್ಟಿ, ಸಗಣಿ ಬಾಚಿ, ಮಂಕರಿಗೆ ತುಂಬಿ ತಿಪ್ಪೆಗೆ ಸುರಿದು ಬಂದರೆ ಆ ಕೆಲಸ ಮುಗಿಯಿತು. ದಿನವೂ ಮಾಡುವ ಈ ಕೆಲಸದಲ್ಲಿ ಹೊಸದಾಗಿ ತಿಳಿಯುವುದೇನಿದೆ ಎಂದು ನಿಮಗೆ ಅನಿಸಬಹುದು. ಆದರೆ ಗೊಬ್ಬರದ ಸತ್ವ ಉಳಿಯುವುದೂ ಹೋಗುವುದೂ ಈ ಕೆಲಸವನ್ನು ಮಾಡುವ ರೀತಿಯಿಂದಲೇ.

ನಷ್ಟವಾಗುವುದು ಏನು?

ದನ ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧದಷ್ಟು, ಪೊಟ್ಯಾಷ್‌ನಲ್ಲಿ ಬಹುಪಾಲು ಗಂಜಲದಲ್ಲಿರುತ್ತದೆ. ರಂಜಕ ಮಾತ್ರ ಹೆಚ್ಚಾಗಿ ಸಗಣಿಯಲ್ಲಿದೆ. ನಾವು ಸಗಣಿಯನ್ನು ಜೋಪಾನ ಮಾಡುತ್ತೇವೆ, ಗಂಜಲವನ್ನು ನೆಲಕ್ಕೆ ಇಂಗಲು ಬಿಡುತ್ತೇವೆ.

ಗಂಜಲದ ಸಾರಜನಕ ಹೆಚ್ಚಾಗಿ ಯೂರಿಯಾ ರೂಪದಲ್ಲಿರುತ್ತದೆ. ನೀವು ಚೀಲದಲ್ಲಿ ಕೊಂಡು ತರುವ ಯೂರಿಯಾ ಸಹ ಇದೇ ವಸ್ತು. ನೆಲಕ್ಕೆ ಬಿದ್ದ ಗಂಜಲದಲ್ಲಿ ಸೂಕ್ಷ್ಮಜೀವಿಗಳ ಕಾರ್ಯದಿಂದ ಈ ಯೂರಿಯಾ ಒಡೆದು ಅಮೋನಿಯಾ ಅನಿಲವಾಗಿ ಗಾಳಿಗೆ ಸೇರುತ್ತದೆ. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಬಡಿಯುವ ಘಾಟು ಅದೇ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ದೊಡ್ಡ ರಾಸು ದಿನಕ್ಕೆ ಅಂದಾಜು 7 ಲೀಟರ್ ಗಂಜಲ ಹಾಕುತ್ತದೆ. ಅರ್ಧ ಹೊರಗೆ ಹೋಯಿತೆಂದರೂ ಒಂದು ಜೋಡಿ ರಾಸಿನಿಂದ ಕೊಟ್ಟಿಗೆಯಲ್ಲಿ ವರ್ಷಕ್ಕೆ ಸುಮಾರು 2,500 ಲೀಟರ್ ಆಯಿತು. ಇದರಲ್ಲಿ ಶೇಕಡ 1ರ ಹತ್ತಿರ ಸಾರಜನಕವಿರುತ್ತದೆ. ಅಂದರೆ 20ರಿಂದ 25 ಕಿಲೋ. 45 ಕಿಲೋ ಯೂರಿಯಾ ಚೀಲದಲ್ಲಿರುವುದೂ ಸುಮಾರು 21 ಕಿಲೋ ಮಾತ್ರ. ಪೂರ್ತಿ ಹಿಡಿದಿಡುವುದು ಯಾರಿಗೂ ಸಾಧ್ಯವಿಲ್ಲ. ಅರ್ಧ ಉಳಿದರೂ ಲಾಭವೇ.

ಹಾಸು ಹಾಕಿ

ಗಂಜಲ ಹಿಡಿಯಲು ತೊಟ್ಟಿ, ಕೊಳವೆಗಳೇ ಬೇಕೆಂದಿಲ್ಲ. ಸಂಜೆ ದನ ಕಟ್ಟುವ ಮುಂಚೆ ರಾಸೊಂದಕ್ಕೆ 2ರಿಂದ 3 ಕಿಲೋ ಒಣ ಹಾಸು ಹರಡಿ. ಗೋದಲಿಯಲ್ಲಿ ಉಳಿದ ಹುಲ್ಲು, ಅವರೆ ಹೊಟ್ಟು, ಕಬ್ಬಿನ ಸೋಗೆ, ತರಗೆಲೆ ಯಾವುದಾದರೂ ಆದೀತು. ಸೋಗೆಯನ್ನು ಕತ್ತರಿಸಿ ಹಾಕಿ. ಹೂ ಬಿಟ್ಟ ಪಾರ್ಥೇನಿಯಂ ಕಳೆಯನ್ನು ಮಾತ್ರ ಬಳಸಬೇಡಿ. ಬೀಜ ಹೊಲಕ್ಕೆ ಹೋದೀತು. ಮಲೆನಾಡಿನ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸುವುದು ತಲೆಮಾರುಗಳಿಂದ ಬಂದ ಪದ್ಧತಿ. ಬಯಲು ಸೀಮೆಯವರು ಇದನ್ನು ಅವರಿಂದ ಕಲಿಯಬಹುದು.

ನೆನೆದ ಹಾಸನ್ನು ದಿನವೂ ತೆಗೆಯಬೇಕು. ಕರೆಯುವ ಹಸು ಒದ್ದೆಯಲ್ಲಿ ಮಲಗಿದರೆ ಕೆಚ್ಚಲು ಬಾವು ಬರುವ ಸಂಭವ ಹೆಚ್ಚು.

“ಇರುವ ಕೆಲಸವೇ ಸಾಕಾಗಿದೆ, ಇದೊಂದು ಬೇರೆ ಹಚ್ಚುತ್ತೀರಾ?” ಎಂದು ಮನೆಯ ಹೆಣ್ಣುಮಕ್ಕಳು ಕೇಳುವುದುಂಟು. ಕೇಳುವುದು ನ್ಯಾಯವೇ, ಏಕೆಂದರೆ ಮಂಕರಿ ಹೊರುವವರು ಹೆಚ್ಚಾಗಿ ಅವರೇ. ಆದ್ದರಿಂದ ಸಂಜೆ ಹಾಸು ತಂದು ಹರಡುವ ಕೆಲಸವನ್ನು ಗಂಡಸರು ವಹಿಸಿಕೊಳ್ಳಿ. ಗುಂಡಿಯನ್ನು ಕೊಟ್ಟಿಗೆಗೆ ಹತ್ತಿರದಲ್ಲೇ, ಆದರೆ ಕುಡಿಯುವ ನೀರಿನ ಬಾವಿಯಿಂದ ದೂರದಲ್ಲಿ ತೋಡಿ. ಹೊರುವ ದಾರಿ ಕಡಿಮೆಯಾದರೆ ಹೊರುವವರ ಬೆನ್ನು ಉಳಿಯುತ್ತದೆ.

ಗುಂಡಿ ತುಂಬುವ ಕ್ರಮ

ಬಯಲಿನಲ್ಲಿ ಹರಡಿದ ತಿಪ್ಪೆ ಬಿಸಿಲಿಗೆ ಒಣಗುತ್ತದೆ, ಮಳೆಗೆ ತೊಳೆದು ಹೋಗುತ್ತದೆ. 1939ರಲ್ಲಿ ಬೆಂಗಳೂರು ಕಾಂಪೋಸ್ಟ್ ಪದ್ಧತಿಯನ್ನು ರೂಪಿಸಿದ ಡಾ. ಸಿ. ಎನ್. ಆಚಾರ್ಯ ಅವರು ಕೊಟ್ಟಿಗೆ ಗೊಬ್ಬರಕ್ಕೂ ಕಂದಕದ ಕ್ರಮವನ್ನು ಸೂಚಿಸಿದ್ದರು. ಕಂದಕ 6ರಿಂದ 7.5 ಮೀಟರ್ ಉದ್ದ, 1.5ರಿಂದ 2 ಮೀಟರ್ ಅಗಲ, 1 ಮೀಟರ್ ಆಳವಿರಲಿ. ಒಂದೆರಡು ರಾಸು ಇರುವವರಿಗೆ ಇದರ ಅರ್ಧ ಉದ್ದ ಸಾಕು.

ಗುಂಡಿಯ ತುಂಬ ಒಟ್ಟಿಗೆ ಹರಡಬೇಡಿ. ಒಂದು ತುದಿಯಿಂದ ಒಂದು ಮೀಟರಿನಷ್ಟು ಭಾಗವನ್ನು ಮಾತ್ರ ಆರಿಸಿ, ನೆನೆದ ಹಾಸು ಮತ್ತು ಸಗಣಿಯನ್ನು ದಿನವೂ ಅಲ್ಲಿಯೇ ಹಾಕುತ್ತ ಬನ್ನಿ. ನೆಲಮಟ್ಟದಿಂದ 45ರಿಂದ 60 ಸೆಂಟಿಮೀಟರ್ ಎತ್ತರಕ್ಕೆ ಬಂದ ಮೇಲೆ ಗೋಪುರದಂತೆ ಮಾಡಿ, ಸಗಣಿ ಮಣ್ಣಿನ ಬಗ್ಗಡದಿಂದ ಸಾರಿಸಿ, ಮುಂದಿನ ಭಾಗಕ್ಕೆ ಹೋಗಿ. ಹೀಗೆ ಮುಚ್ಚಿದ್ದು 4ರಿಂದ 5 ತಿಂಗಳಲ್ಲಿ ಕಳಿತು ಸಿದ್ಧವಾಗುತ್ತದೆ. ಮಳೆನೀರು ನುಗ್ಗದಂತೆ ಸುತ್ತ ಬದು ಹಾಕಿ, ಮೇಲೊಂದು ಚಪ್ಪರವಿರಲಿ. ಮಳೆಗಾಲದಲ್ಲಿ ನೀರು ಉಕ್ಕುವ ಜಾಗದಲ್ಲಿ ಗುಂಡಿಯ ಬದಲು ನೆಲದ ಮೇಲೆಯೇ ರಾಶಿ ಮಾಡಿ ಸಾರಿಸಿ.

ಎರಡು ಎಚ್ಚರಿಕೆಗಳು

ಒಲೆಯ ಬೂದಿಯನ್ನು ತಿಪ್ಪೆಗೆ ಹಾಕುವುದು ಅನೇಕರ ರೂಢಿ. ಬೂದಿ ಕ್ಷಾರಗುಣದ್ದಾದ್ದರಿಂದ ಅಮೋನಿಯಾ ಬೇಗ ಹಾರಿಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಇದೆ. ಅದನ್ನು ಬೇರೆಯಾಗಿ ಕೂಡಿಟ್ಟು ನೇರವಾಗಿ ಜಮೀನಿಗೆ ಹಾಕಿ.

ಗೊಬ್ಬರವನ್ನು ಬೇಸಿಗೆಯಲ್ಲೇ ಹೊಲಕ್ಕೆ ಹೊಡೆದು, ಗುಪ್ಪೆಗುಪ್ಪೆಯಾಗಿ ಮಳೆ ಬರುವವರೆಗೆ ಬಿಡುವುದು ಇನ್ನೊಂದು ತಪ್ಪು. ಐದು ತಿಂಗಳು ಕಾದು ಉಳಿಸಿದ್ದು ಕೆಲವೇ ದಿನಗಳ ಬಿಸಿಲಿಗೆ ಹೋಗುತ್ತದೆ. ಬಿತ್ತನೆಗೆ 2ರಿಂದ 3 ವಾರ ಮುಂಚೆ ಸಾಗಿಸಿ, ಹರಡಿದ ದಿನವೇ ಉಳುಮೆ ಮಾಡಿ ಮಣ್ಣಿಗೆ ಸೇರಿಸಿ.

ರೈತ ಬಾಂಧವರೇ, ಇದಕ್ಕೆ ಸಾಲ ಬೇಡ, ಅರ್ಜಿ ಬೇಡ. ಗುಂಡಿ ತೋಡಲು ಎರಡು ದಿನದ ಆಳು, ಸಂಜೆ ಒಂದು ಹೊರೆ ಹಾಸು, ಇಷ್ಟು ಸಾಕು. ನಾಳೆ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಘಾಟು ಬಡಿದರೆ, ನಿಮ್ಮ ಯೂರಿಯಾ ಚೀಲ ಸೋರುತ್ತಿದೆ ಎಂದೇ ತಿಳಿಯಿರಿ.